ಆರನೇ ಹಾಸಿಗೆಯ ಹನ್ನೊಂದು ನಿಮಿಷ

ಐಸಿಯುವಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನೀವು ಒಂದು ವಿದ್ಯೆ ಕಲಿಯುತ್ತೀರಿ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಪರೀಕ್ಷೆಯಲ್ಲಿ ಕೇಳುವುದಿಲ್ಲ. ಅದು ಕೇಳಿಸಿಕೊಳ್ಳದೆ ಇರುವ ವಿದ್ಯೆ. ಸೋಮವಾರ ಮಾನಿಟರ್ ಸದ್ದು ಮಾಡಿದರೆ ಎದೆ ಹೊಡೆದುಕೊಂಡು ಓಡುತ್ತೀರಿ. ಗುರುವಾರದ ಹೊತ್ತಿಗೆ ತಲೆ ಎತ್ತಿ ನೋಡುತ್ತೀರಿ. ಶನಿವಾರ ಅದರ ಪಕ್ಕದಲ್ಲೇ ನಿಂತು, ಊಟದ ಡಬ್ಬಿಯಲ್ಲಿ ಏನು ತಂದಿದ್ದೀಯ ಎಂದು ಗೆಳತಿಯನ್ನು ಕೇಳುತ್ತಿರುತ್ತೀರಿ. ನಾನೂ ಹಾಗೆಯೇ ಕಲಿತೆ. ಚೆನ್ನಾಗಿ ಕಲಿತೆ, ಇತರರಿಗೂ ಕಲಿಸಿದೆ. ಅದರಿಂದ ಏನಾಯಿತು ಎನ್ನುವುದನ್ನು ಈಗ ಈ ಕೆಲಸಕ್ಕೆ ಬರುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಮೂವತ್ತಮೂರು ವರ್ಷ ನರ್ಸ್ ಆಗಿದ್ದೆ. ಕೊನೆಯ ಹದಿನೈದು ವರ್ಷ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಕಳೆದೆ. ನಿವೃತ್ತಳಾಗಿ ಎರಡು ವರ್ಷವಾಯಿತು, ಹೊಸಮನೆ ಬಡಾವಣೆಯಲ್ಲಿ ಇದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ. ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಜನರ ಹೆಸರು ಬದಲಿಸಿದ್ದೇನೆ, ನನ್ನದೊಂದನ್ನು ಬಿಟ್ಟು. ನೋಡಿದ್ದನ್ನು ನೋಡಿದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ. ಈ ಶಿಸ್ತು ತರಬೇತಿಯಲ್ಲಿ ನಮಗೆ ಪಾಠ ಹೇಳಿದ ಫಿಲೋಮಿನಾ ಸಿಸ್ಟರ್ ಕೊಟ್ಟದ್ದು. ‘ರೋಗಿಗೆ ತುಂಬ ತೊಂದರೆಯಾಯಿತು’ ಎಂದು ಕೇಸ್ ಶೀಟಿನಲ್ಲಿ ಬರೆದರೆ ಅವರು ಆ ಪುಟವನ್ನು ನಮ್ಮ ಮುಖದ ಮುಂದೆ ಹಿಡಿದು, “ಈ ತೊಂದರೆ ಎಷ್ಟು ಗಂಟೆಗೆ ಬಂತು, ಯಾವ ಬಾಗಿಲಿಂದ ಬಂತು?” ಎಂದು ಕೇಳುತ್ತಿದ್ದರು. ಗಂಟೆ, ನಿಮಿಷ, ಕಣ್ಣಿಗೆ ಕಂಡದ್ದು, ಕೈ ಮಾಡಿದ್ದು. ಇಷ್ಟೇ ಬರೆಯಬೇಕು. ನಾನು ಆ ಪಾಠವನ್ನು ಒಮ್ಮೆ ಮುರಿದೆ. ಈ ಬರಹ ಅದರ ಬಗ್ಗೆಯೇ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. ನಮ್ಮ ತಂದೆ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಬದಲಾಗುವಾಗ ಸೈರನ್ ಆಗುತ್ತಿತ್ತು. ಅಮ್ಮ ಅದನ್ನು ಕೇಳಿ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದಳು, ನಾವು ಶಾಲೆಗೆ ಹೊರಡುತ್ತಿದ್ದೆವು. ಯಾರೂ ಅದನ್ನು ಕಿವಿಗೊಟ್ಟು ಕೇಳುತ್ತಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಆದರೆ ಮಾತ್ರ ಇಡೀ ಬೀದಿಯ ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಒಳಗೆ ಯಾರಿಗೋ ಏನೋ ಆಗಿದೆ ಎಂದು ಅರ್ಥ. ನನ್ನ ಬಾಲ್ಯದಲ್ಲಿ ಹಾಗೆ ಆದದ್ದು ಎರಡೋ ಮೂರೋ ಸಲ. ಪ್ರತಿ ಸಲವೂ ಬೀದಿ ತುಂಬಿತ್ತು. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಇಡೀ ಆಸ್ಪತ್ರೆಗೆ ಒಂದೇ ಮಾನಿಟರ್ ಇತ್ತು, ಅದೂ ಆಪರೇಷನ್ ಥಿಯೇಟರಿನಲ್ಲಿ. ಉಳಿದವರಿಗೆ ನಮ್ಮ ಕೈಯೇ ಮಾನಿಟರ್. ಮಣಿಕಟ್ಟು ಹಿಡಿದು ನಾಡಿ ಎಣಿಸುವುದು, ಹೊಟ್ಟೆ ಏರಿಳಿಯುವುದನ್ನು ನೋಡಿ ಉಸಿರು ಎಣಿಸುವುದು, ಉಗುರಿನ ಬಣ್ಣ ನೋಡುವುದು. ಆಮೇಲೆ ಐಸಿಯು ಆಯಿತು, ಎಂಟು ಹಾಸಿಗೆಗೆ ಎಂಟು ಮಾನಿಟರ್ ಬಂದವು. ಕಂಪನಿಯ ಎಂಜಿನಿಯರ್ ಬಂದು ಒಂದೇ ದಿನದಲ್ಲಿ ಎಲ್ಲವನ್ನೂ ಜೋಡಿಸಿ, ಎಂಟಕ್ಕೂ ಒಂದೇ ಮಿತಿ ಇಟ್ಟು ಹೋದ. ನಾಡಿ ಐವತ್ತಕ್ಕಿಂತ ಕೆಳಗೆ ಇಳಿದರೆ ಕೂಗು. ರಕ್ತದಲ್ಲಿ ಆಮ್ಲಜನಕ ತೊಂಬತ್ತಕ್ಕಿಂತ ಕೆಳಗೆ ಇಳಿದರೆ ಕೂಗು. ಮಲಗಿರುವವರು ಯಾರು, ಅವರ ವಯಸ್ಸೆಷ್ಟು, ಕಾಯಿಲೆ ಏನು ಎನ್ನುವುದು ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿದ್ದ ನಾವು ಅದಕ್ಕೆ ಹೇಳಲಿಲ್ಲ. ಹೇಳಬಹುದು ಎನ್ನುವುದೇ ನಮಗೆ ತಿಳಿದಿರಲಿಲ್ಲ. ಅಲ್ಲದೆ ಆಡಳಿತಾಧಿಕಾರಿಯವರು ಒಂದು ಹಾಳೆ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದ್ದರು: ಮಾನಿಟರ್ ಸೆಟ್ಟಿಂಗನ್ನು ಯಾರೂ ಮುಟ್ಟಕೂಡದು, ಮುಟ್ಟಿದರೆ ಕಂಪನಿಯ ಗ್ಯಾರಂಟಿ ಹೋಗುತ್ತದೆ.

ಕೋಟೆಯ ಕಡೆಯಿಂದ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟ್ರು ಎದೆನೋವೆಂದು ಬಂದು ಮಲಗಿದ್ದರು. ದಿನವೂ ನಾಲ್ಕಾರು ಮೈಲಿ ನಡೆದ ದೇಹ, ಅವರ ನಾಡಿ ಸಹಜವಾಗಿಯೇ ನಲವತ್ತೆಂಟರ ಆಸುಪಾಸು. ಹಾಗಾಗಿ ಅವರು ಕಣ್ಣು ಮುಚ್ಚಿದರೆ ಸಾಕು, ಮಾನಿಟರ್ ಕೂಗುತ್ತಿತ್ತು. ನಾವು ಬಂದು ಗುಂಡಿ ಒತ್ತಿ ಸುಮ್ಮನಾಗಿಸುತ್ತಿದ್ದೆವು, ಎರಡು ನಿಮಿಷಕ್ಕೆ ಮತ್ತೆ ಶುರು. ಎರಡನೆಯ ದಿನ ಅವರು ನನ್ನನ್ನು ಕರೆದರು.

“ಏನಮ್ಮಾ ಗಿರಿಜಾ, ಇದು ಬೆಳಗಿಂದ ಎಷ್ಟು ಸಲ ನನ್ನ ಸಾಯಿಸ್ತು, ಲೆಕ್ಕ ಇಟ್ಟಿದ್ದೀಯಾ? ಯಮನಾದ್ರೂ ಒಂದೇ ಸಲ ಬರ್ತಾನೆ.”

ನನಗೆ ನಗು ಬಂತು, ಅಯ್ಯೋ ಎಂದೂ ಅನಿಸಿತು. ಸೆಟ್ಟಿಂಗ್ ಮುಟ್ಟುವಂತಿಲ್ಲ. ಪ್ಲಾಸ್ಟರ್ ಅಂಟಿಸಬಾರದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಗಾಜ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಾನಿಟರಿನ ಹಿಂಬದಿಯಲ್ಲಿ ಸದ್ದು ಬರುವ ಜಾಲರಿಯ ಮೇಲಿಟ್ಟು, ಗಾಯಕ್ಕೆ ಹಾಕುವ ಅಗಲ ಪ್ಲಾಸ್ಟರ್ ಅಂಟಿಸಿದೆ. ಕೂಗು ಹೋಗಿ ಸೊಳ್ಳೆಯ ಗುಯ್‌ಗುಟ್ಟುವಿಕೆಯಷ್ಟಾಯಿತು. ಮೇಷ್ಟ್ರು ಆ ಮಧ್ಯಾಹ್ನ ನಿದ್ದೆ ಮಾಡಿದರು, ಗುಣವಾಗಿ ಮನೆಗೂ ಹೋದರು. ಪ್ಲಾಸ್ಟರ್ ಅಲ್ಲೇ ಉಳಿಯಿತು.

ಒಂದು ತಿಂಗಳಲ್ಲಿ ಎಂಟಕ್ಕೂ ಪ್ಲಾಸ್ಟರ್ ಬಿತ್ತು. ಹೊಸದಾಗಿ ಸೇರಿದ ಹುಡುಗಿಯರು ಔಷಧಿ ಟ್ರೇ ಜೋಡಿಸುವುದನ್ನು ಕಲಿತಂತೆ ಅದನ್ನೂ ಕಲಿತರು. ವಾರಕ್ಕೊಮ್ಮೆ ಧೂಳು ಹಿಡಿದ ಪ್ಲಾಸ್ಟರ್ ತೆಗೆದು ಹೊಸದು ಹಾಕುವುದು ಶುಚಿತ್ವದ ಕೆಲಸಗಳಲ್ಲಿ ಒಂದಾಯಿತು. ನಮ್ಮ ಐಸಿಯು ಬಹಳ ಶಾಂತವಾಗಿದೆ ಎಂದು ರೋಗಿಗಳ ಮನೆಯವರು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ಇನ್‌ಚಾರ್ಜ್ ಸಿಸ್ಟರ್ ಆಗಿ ನಾನು ಸ್ವೀಕರಿಸುತ್ತಿದ್ದೆ.

ಚನ್ನಬಸಪ್ಪ ಬಂದದ್ದು ಹೀಗಿದ್ದಾಗ.

ಭದ್ರಾವತಿಯವರು, ಕಾರ್ಖಾನೆಯಿಂದ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಬೀಡಿ ಸೇದಿ ಶ್ವಾಸಕೋಶ ಸೋತಿತ್ತು, ಈಗ ಅದಕ್ಕೆ ನ್ಯುಮೋನಿಯಾ ಸೇರಿತ್ತು. ಆರನೇ ಹಾಸಿಗೆ ಕೊಟ್ಟೆವು. ಅದು ಕಂಬದ ಆಚೆಯ ಮೂಲೆ, ನಾವು ಕೂರುವ ಮೇಜಿನಿಂದ ಪೂರ್ತಿ ಕಾಣುವುದಿಲ್ಲ. ಯಂತ್ರಗಳ ನಡುವೆ ದುಡಿದ ಕಿವಿ ಮಂದವಾಗಿ, ಅವರು ಮಾತಾಡಿದರೆ ಇಡೀ ಐಸಿಯುಗೆ ಕೇಳಿಸುತ್ತಿತ್ತು. ನಾನು ಯಾವ ಊರಿನವಳು ಎಂದು ಕೇಳಿದರು. ತಂದೆಯ ಹೆಸರು ಹೇಳಿದೆ. “ಓ, ಫಿಟ್ಟರ್ ಮಗಳಾ!” ಎಂದರು. ನಮ್ಮ ತಂದೆಯನ್ನು ಮುಖ ನೋಡಿ ಗೊತ್ತಿತ್ತಂತೆ, ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿದವರಂತೆ. ಆಮೇಲೆ ಹೆಸರು ಹಿಡಿದು ಕರೆಯಲೇ ಇಲ್ಲ. ಫಿಟ್ಟರ್ ಮಗಳು ಎಲ್ಲಿ, ಫಿಟ್ಟರ್ ಮಗಳು ಊಟ ಮಾಡಿದ್ಲಾ. ಅವರ ಹೆಂಡತಿ ಶಾಂತಮ್ಮ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ಒಳಗೆ ಬಿಡುವುದು ಸಂಜೆ ನಾಲ್ಕಕ್ಕೆ ಮಾತ್ರ.

ಅವರ ಆಮ್ಲಜನಕ ಎಂಬತ್ತೆಂಟು, ಎಂಬತ್ತೊಂಬತ್ತರಲ್ಲಿ ನಿಂತಿತ್ತು. ಅಂಥ ಶ್ವಾಸಕೋಶಕ್ಕೆ ಅದು ಸಾಕು ಎಂದು ಡಾಕ್ಟರೇ ಹೇಳಿದ್ದರು. ಮಾನಿಟರಿನ ಮಿತಿ ತೊಂಬತ್ತು. ಅಂದರೆ ಚೇತರಿಸಿಕೊಳ್ಳುತ್ತಿದ್ದ ಮನುಷ್ಯನ ಪಕ್ಕದಲ್ಲಿ ಯಂತ್ರ ಮೂರು ದಿನವೂ ಬಿಡದೆ ಅಪಾಯ ಎನ್ನುತ್ತಿತ್ತು. ಮೂರನೆಯ ದಿನ ಬೆಳಗ್ಗೆ ಸೆಲ್ವಿ ನನ್ನ ಬಳಿ ಬಂದಳು. ಸೆಲ್ವಿಯೂ ಭದ್ರಾವತಿಯವಳು, ತಂದೆ ವೆಲ್ಡರ್, ಮನೆಮಾತು ತಮಿಳು. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಐದು ಮತ್ತು ಆರನೇ ಹಾಸಿಗೆ ಅಂದು ಅವಳದು.

“ಅಕ್ಕಾ, ಆರನೇ ಬೆಡ್ಡಿಂದು ಬಾಯಿ ಮುಚ್ತಾನೇ ಇಲ್ಲ.”

“ಪ್ಲಾಸ್ಟರ್ ಸಡಿಲ ಆಗಿರುತ್ತೆ ಮಾರಾಯ್ತಿ. ಕೊಡಿಲ್ಲಿ,” ಎಂದು ನಾನೇ ಹೋಗಿ ಹಳೆಯದನ್ನು ಕಿತ್ತು, ಗಾಜ್ ಎರಡು ಪಟ್ಟು ಮಾಡಿ ಹೊಸದು ಹಾಕಿದೆ.

ಮುಂದಿನದು ನಡೆದದ್ದು ಅದೇ ಮಧ್ಯಾಹ್ನ, ಪಾಳಿ ಬದಲಾಗುವಾಗ. ಬೆಳಗಿನವರು ಮಧ್ಯಾಹ್ನದವರಿಗೆ ಒಬ್ಬೊಬ್ಬ ರೋಗಿಯ ವಿವರ ಒಪ್ಪಿಸುವ ಹೊತ್ತು. ನಮ್ಮಲ್ಲಿ ಎಲ್ಲರೂ ಮೇಜಿನ ಸುತ್ತ ಸೇರಿ, ಕೇಸ್ ಶೀಟ್ ಇಟ್ಟುಕೊಂಡು ಓದುವ ಪದ್ಧತಿ. ಅಂದು ಆರು ಜನ ಇದ್ದೆವು. ಐದನೇ ಹಾಸಿಗೆಯವರಿಗೆ ಮೈ ಒರೆಸಿದ್ದರಿಂದ ಪರದೆ ಎಳೆದಿತ್ತು, ಆಚೆಯ ಆರನೆಯದೂ ಅದರ ಮರೆಯಲ್ಲಿತ್ತು. ಸೆಲ್ವಿ ಇನ್ನೂ ಅಲ್ಲೇ ಇದ್ದಳು. ಹೊತ್ತಾಗುತ್ತಿದೆ, ಬಂದು ನಿನ್ನ ಕೇಸು ಓದು ಎಂದು ನಾನು ಕರೆದೆ. ಆಗ ಒಂದು ಗಂಟೆ ಐವತ್ತು ನಿಮಿಷ. ಅವಳು ಓದಿ ಮುಗಿಸಿ ಹಿಂದಿರುಗಿದಾಗ ಎರಡು ಗಂಟೆ ಮೂರು ನಿಮಿಷ. “ಅಕ್ಕಾ” ಎಂದು ಒಂದೇ ಸಲ ಕೂಗಿದಳು.

ಆಮ್ಲಜನಕವನ್ನು ತೇವಗೊಳಿಸುವ ನೀರಿನ ಬಾಟಲಿಯಿಂದ ಮೂಗಿನ ನಳಿಕೆ ಕಳಚಿ ನೆಲದ ಮೇಲಿತ್ತು. ಚನ್ನಬಸಪ್ಪನವರ ತುಟಿ ನೀಲಿಯಾಗಿತ್ತು. ಪರದೆಯ ಹಿಂದೆ ಮಾನಿಟರ್ ಕೆಂಪಗೆ ಮಿನುಗುತ್ತಿತ್ತು. ಅಂಬು ಚೀಲ ಹಿಡಿದು ಉಸಿರು ಕೊಟ್ಟೆವು, ಡಾಕ್ಟರ್ ಓಡಿ ಬಂದು ಗಂಟಲಿಗೆ ನಳಿಕೆ ಹಾಕಿದರು, ವೆಂಟಿಲೇಟರ್ ಸೇರಿಸಿದರು. ನಾಡಿ ಮರಳಿತು. ಪ್ರಜ್ಞೆ ಮರಳಲಿಲ್ಲ.

ಆ ಗಡಿಬಿಡಿಯಲ್ಲಿ ಡಾಕ್ಟರಿಗೆ ಕಾಣುವಂತೆ ಮಾನಿಟರನ್ನು ತಿರುಗಿಸಿದವಳು ನಾನು. ಹಿಂಬದಿಯ ಪ್ಲಾಸ್ಟರ್ ಬೆರಳಿಗೆ ತಗುಲಿತು. ಕಿತ್ತೆ. ಸದ್ದು ಇಡೀ ಕೋಣೆಯನ್ನು ತುಂಬಿತು. ಪ್ಲಾಸ್ಟರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಯೋಚಿಸಿ ಹಾಕಿಕೊಂಡೆನೋ, ಕೈ ತಾನಾಗಿ ಹಾಕಿತೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿಲ್ಲ. ಆದರೆ ಆ ಸಂಜೆ ಉಳಿದ ಏಳು ಮಾನಿಟರುಗಳ ಪ್ಲಾಸ್ಟರ್ ಕಿತ್ತದ್ದು ಯೋಚಿಸಿಯೇ. ಘಟನೆಯ ವರದಿ ಬರೆದವಳೂ ನಾನೇ. ಗಂಟೆ ಇತ್ತು, ನಿಮಿಷ ಇತ್ತು, ನಳಿಕೆ ಕಳಚಿದ್ದು ಇತ್ತು. ಪ್ಲಾಸ್ಟರ್ ಇರಲಿಲ್ಲ.

ನಾಲ್ಕು ಗಂಟೆಗೆ ಶಾಂತಮ್ಮನನ್ನು ಒಳಗೆ ಬಿಟ್ಟೆವು. ಗಂಡನ ಕಾಲು ಮುಟ್ಟಿ ನೋಡಿದರು, ವೆಂಟಿಲೇಟರ್ ನೋಡಿದರು, ಆಮೇಲೆ ಮಾನಿಟರ್ ಕಡೆ ತಿರುಗಿದರು.

“ಆ ಮಿಷನ್ ಕೂಗ್ಲಿಲ್ವಾ ಸಿಸ್ಟರ್?”

“ಕೂಗಿತಮ್ಮ,” ಎಂದೆ.

“ಮತ್ತೆ?”

ಡಾಕ್ಟರ್ ಮಾತಾಡುತ್ತಾರೆ ಎಂದು ಹೇಳಿ ಅಲ್ಲಿಂದ ಹೋದೆ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಸುಳ್ಳಲ್ಲದ ಮಾತಿನ ಹಿಂದೆ ಎಷ್ಟು ದೊಡ್ಡದನ್ನು ಬಚ್ಚಿಡಬಹುದು ಎಂದು ನನಗೆ ಆವತ್ತು ಗೊತ್ತಾಯಿತು.

ಮಾರನೆಯ ದಿನ ಕಂಪನಿಯವನು ಬಂದು ಮಾನಿಟರಿನೊಳಗಿನ ದಾಖಲೆ ತೆಗೆದ. ಆಮ್ಲಜನಕ ತೀರ ಕುಸಿದಾಗಿನ ಅಪಾಯದ ಸದ್ದು ಹನ್ನೊಂದು ನಿಮಿಷ ಎಡೆಬಿಡದೆ ಆಗಿದೆ ಎಂದು ಅದರಲ್ಲಿತ್ತು. ಯಂತ್ರ ಸರಿಯಾಗಿತ್ತು. ಆದ್ದರಿಂದ ತಪ್ಪು ಮನುಷ್ಯರದು, ಮನುಷ್ಯರಲ್ಲಿ ಆರನೇ ಹಾಸಿಗೆ ಯಾರದಿತ್ತೋ ಅವರದು. ಸಭೆಯಲ್ಲಿ ಆಡಳಿತಾಧಿಕಾರಿಯವರು ಸೆಲ್ವಿಯನ್ನು ನಿಲ್ಲಿಸಿ, ಹನ್ನೊಂದು ನಿಮಿಷ ಕೂಗಿದ್ದು ನಿನಗೊಬ್ಬಳಿಗೆ ಕೇಳಿಸಲಿಲ್ಲವೇ ಎಂದು ಕೇಳಿದರು. ಹಿಂದುಗಡೆ ಪ್ಲಾಸ್ಟರ್ ಇತ್ತು ಸಾರ್, ಎಲ್ಲದಕ್ಕೂ ಇರುತ್ತೆ ಎಂದಳು ಅವಳು. ಎಲ್ಲರೂ ಎದ್ದು ಹೋಗಿ ಎಂಟನ್ನೂ ನೋಡಿದರು. ಎಲ್ಲೂ ಇರಲಿಲ್ಲ. ಉಳಿದ ನರ್ಸುಗಳು ನೆಲ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ನೆಲವನ್ನಾದರೂ ಕಾಯುತ್ತಿದ್ದದ್ದು ನನ್ನ ಬಾಯಿಯನ್ನು. ನಾನು ಬಾಯಿ ತೆರೆಯಲಿಲ್ಲ. ತೀರ್ಮಾನವಾಗುವ ತನಕ ಡ್ಯೂಟಿಗೆ ಬರಬೇಡ ಎಂದು ಸೆಲ್ವಿಯನ್ನು ಕಳಿಸಿದರು. ಕೆಲಸದಿಂದ ತೆಗೆಯುವ ಪತ್ರ ತಯಾರಾಗುತ್ತಿದೆ ಎಂದು ಆಫೀಸಿನವರು ಹೇಳಿದ್ದನ್ನು ಕೇಳಿದೆ.

ಎರಡು ದಿನ ನಾನು ಕೆಲಸ ಮಾಡಿದೆ. ಚನ್ನಬಸಪ್ಪನವರ ಬಾಯಿ ಒರೆಸಿದೆ, ಮಗ್ಗುಲು ಬದಲಿಸಿದೆ. ಫಿಟ್ಟರ್ ಮಗಳು ಎಂದು ಕೂಗುವವರು ಇರಲಿಲ್ಲ. ಎಂಟು ತುಂಡು ಪ್ಲಾಸ್ಟರ್ ಒಂದು ಕಾಗದದ ಪೊಟ್ಟಣದಲ್ಲಿ ನನ್ನ ಜೇಬಿನಲ್ಲಿದ್ದವು. ಎಸೆಯುವುದು ಸುಲಭವಿತ್ತು. ಎಸೆಯಲೂ ಇಲ್ಲ, ತೋರಿಸಲೂ ಇಲ್ಲ. ಮಗಳ ಮದುವೆ ಗೊತ್ತಾಗಿತ್ತು, ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಇವನ್ನು ನೆಪವಾಗಿ ಹೇಳುತ್ತಿಲ್ಲ. ಆ ಎರಡು ದಿನ ತಲೆಯಲ್ಲಿ ಇದ್ದದ್ದು ಇವೇ ಆದ್ದರಿಂದ ಬರೆಯುತ್ತಿದ್ದೇನೆ.

ಮೂರನೆಯ ದಿನ ಸೆಲ್ವಿ ಲಿಖಿತ ಉತ್ತರ ಕೊಡಲು ಬಂದಳು. ಮೆಟ್ಟಿಲ ಮೇಲೆ ಸಿಕ್ಕಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಬಹುಶಃ ತಡೆದುಕೊಳ್ಳುತ್ತಿದ್ದೆ.

“ಅಕ್ಕಾ, ಪ್ಲಾಸ್ಟರ್ ಇತ್ತು ಅಲ್ವಾ?” ಎಂದಳು. “ಎಲ್ರೂ ಇರ್ಲಿಲ್ಲ ಅಂತಾರೆ. ನನಗೇ ಈಗ ಡೌಟು. ನನ್ನ ತಲೆ ಸರಿ ಇದೆ ತಾನೆ?”

ಇಪ್ಪತ್ತನಾಲ್ಕು ವರ್ಷದ ಹುಡುಗಿ. ತನ್ನ ಕಣ್ಣು ಕಂಡದ್ದನ್ನೇ ತಾನು ನಂಬಲಾರದ ಸ್ಥಿತಿಗೆ ನಾನು ಅವಳನ್ನು ತಂದಿದ್ದೆ. ನರ್ಸ್ ಆದವಳಿಗೆ ಕಣ್ಣಲ್ಲದೆ ಬೇರೇನಿದೆ? ನಿನ್ನ ತಲೆ ಸರಿ ಇದೆ, ಇಲ್ಲೇ ಕೂತಿರು ಎಂದು ಹೇಳಿ ಮೇಲೆ ಹೋದೆ.

ಐಸಿಯು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಶ್ರೀಕಂಠಯ್ಯ. ಹೆಚ್ಚು ಮಾತಿಲ್ಲದವರು, ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದವರು. ಅವರ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದೆ. ಇದು ಆರನೆಯದರದ್ದು, ಬೆಳಗ್ಗೆ ನಾನೇ ಹಾಕಿದ್ದೆ, ಮಧ್ಯಾಹ್ನ ನಾನೇ ಕಿತ್ತೆ. ಉಳಿದ ಏಳನ್ನು ಸಂಜೆ ಕಿತ್ತೆ. ಮೊದಲು ಶುರು ಮಾಡಿದವಳೂ ನಾನೇ. ಇಷ್ಟು ಹೇಳಿದೆ. ಅವರು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು.

“ಗಿರಿಜಮ್ಮ, ನಾನು ದಿನಾ ಎರಡು ಸಲ ರೌಂಡ್ಸಿಗೆ ಬರ್ತಿದ್ದೆ,” ಎಂದರು. “ಆ ಪ್ಲಾಸ್ಟರ್ ನಾನೂ ನೋಡಿದ್ದೆ. ಸದ್ಯ ಗಲಾಟೆ ಇಲ್ಲ ಅಂತ ಸುಮ್ಮನಿದ್ದೆ.”

ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿ, ನಡೆದದ್ದನ್ನೆಲ್ಲ ಬರೆಯಿರಿ, ಅವಸರ ಬೇಡ ಎಂದರು. ನಾನು ಬರೆದು ಸಹಿ ಹಾಕಿದೆ. ಕೆಳಗೆ ತಮಗೆ ಗೊತ್ತಿದ್ದದ್ದನ್ನು ಮೂರು ಸಾಲು ಬರೆದು ಅವರೂ ಸಹಿ ಹಾಕಿದರು. ನನ್ನ ಕೆಲಸದ ಅವಧಿಯಲ್ಲಿ ಮೇಲಧಿಕಾರಿಯೊಬ್ಬರು ಕೆಳಗಿನವರ ತಪ್ಪೊಪ್ಪಿಗೆಯ ಕೆಳಗೆ ತಮ್ಮದನ್ನೂ ಸೇರಿಸಿದ್ದನ್ನು ನೋಡಿದ್ದು ಅದೊಂದೇ ಸಲ.

ಸೆಲ್ವಿ ಮಾರನೆಯ ದಿನ ಡ್ಯೂಟಿಗೆ ಬಂದಳು. ನನ್ನನ್ನು ಇನ್‌ಚಾರ್ಜ್ ಸ್ಥಾನದಿಂದ ತೆಗೆದರು, ಅದು ನ್ಯಾಯವೇ ಆಗಿತ್ತು. ಆದರೆ ಇನ್ನೊಂದು ಬಾಕಿ ಇತ್ತು. ಶಾಂತಮ್ಮನ ‘ಮತ್ತೆ?’ಗೆ ಉತ್ತರ.

ಡಾಕ್ಟರೂ ನಾನೂ ಹೊರಗಿನ ಬೆಂಚಿಗೆ ಹೋದೆವು. ಕಾಯಿಲೆಯ ವಿಷಯ ಅವರು ಹೇಳಿದರು, ಪ್ಲಾಸ್ಟರಿನ ವಿಷಯ ನಾನು ಹೇಳಿದೆ. ಶಾಂತಮ್ಮ ಪೂರ್ತಿ ಕೇಳಿದರು.

“ನೀನು ಭದ್ರಾವತಿಯೋಳು ಅಲ್ವೇನಮ್ಮಾ?” ಎಂದರು. “ಹೊತ್ತಲ್ಲದ ಹೊತ್ತಲ್ಲಿ ಸೈರನ್ ಆದ್ರೆ ನಾವು ಒಲೆ ಮೇಲಿನ ಹಾಲು ಬಿಟ್ಟು ಬೀದಿಗೆ ಓಡ್ತಿದ್ವಿ. ಯಾರ ಮನೆಯೋನೋ ಏನೋ ಅಂತ. ನೀವು ಆರು ಜನ ಒಳಗೇ ಇದ್ರಿ.”

ಆಮೇಲೆ ಮುಖ ತಿರುಗಿಸಿದರು. ನಳಿಕೆ ಕಳಚಿದ ಒಂಬತ್ತನೆಯ ದಿನ ಚನ್ನಬಸಪ್ಪ ತೀರಿಕೊಂಡರು. ದೇಹ ಒಪ್ಪಿಸುವಾಗ ನಾನು ಅಲ್ಲಿದ್ದೆ. ಶಾಂತಮ್ಮ ನನ್ನ ಕಡೆ ನೋಡಲಿಲ್ಲ.

ಮುಂದಿನದನ್ನು ಕೆಲಸ ಕಲಿಯುವವರು ಸ್ವಲ್ಪ ಗಮನ ಕೊಟ್ಟು ಓದಬೇಕು. ಪ್ಲಾಸ್ಟರ್ ನಿಷೇಧಿಸಿ ಇನ್ನೊಂದು ಹಾಳೆ ಅಂಟಿಸುವುದಾಗಿ ಆಡಳಿತಾಧಿಕಾರಿಯವರು ಹೇಳಿದರು. ಹಾಳೆ ಅಂಟಿಸಿದರೆ ಪ್ಲಾಸ್ಟರಿನ ಬದಲು ದಿಂಬು ಬರುತ್ತದೆ ಎಂದರು ಡಾಕ್ಟರ್. ನನಗೆ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟು, ಒಂದು ವಾರ ಬೇರೆ ಯಾವ ಕೆಲಸವೂ ಬೇಡ, ಬೆಳಗಿನಿಂದ ಸಂಜೆವರೆಗೆ ಐಸಿಯು ನಡುವೆ ಕುರ್ಚಿ ಹಾಕಿಕೊಂಡು ಕೂತು, ಪ್ರತಿಯೊಂದು ಸದ್ದನ್ನೂ ಬರೆಯಿರಿ ಎಂದರು. ಯಾವ ಹಾಸಿಗೆ, ಎಷ್ಟು ಗಂಟೆ, ಯಾಕೆ, ಯಾರು ಬಂದರು, ಬಂದು ಏನು ಮಾಡಿದರು. ಅದನ್ನು ಶಿಕ್ಷೆ ಎಂದುಕೊಂಡು ಕೂತೆ. ಎರಡನೆಯ ದಿನಕ್ಕೆ ಅದು ನಾನು ಮಾಡಿದ ಅತಿ ಮುಖ್ಯ ಕೆಲಸ ಎಂದು ಗೊತ್ತಾಯಿತು.

ಒಂದು ಪುಟ ತುಂಬುವಷ್ಟು ಸದ್ದುಗಳಲ್ಲಿ ನಿಜವಾಗಿ ರೋಗಿಯ ಬಳಿ ಓಡಬೇಕಾದವು ಒಂದೋ ಎರಡೋ ಸಾಲು. ಉಳಿದವೆಲ್ಲ ನಾವೇ ಮಾಡಿಕೊಂಡದ್ದು. ನಾಲ್ಕನೇ ಹಾಸಿಗೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಸರಿಯಾಗಿ ಸದ್ದಾಗುತ್ತಿತ್ತು. ನೋಡಿದರೆ ಬಿಪಿ ಪಟ್ಟಿಯನ್ನೂ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪ್ರೋಬನ್ನೂ ಒಂದೇ ಕೈಗೆ ಹಾಕಿದ್ದೆವು. ಪಟ್ಟಿ ಉಬ್ಬಿ ಕೈ ಬಿಗಿದಾಗ ಬೆರಳಿಗೆ ರಕ್ತ ಹೋಗುವುದಿಲ್ಲ, ಯಂತ್ರ ಕೂಗದೆ ಏನು ಮಾಡುತ್ತದೆ? ಇಷ್ಟು ವರ್ಷ ಹಾಗೇ ಹಾಕಿದ್ದೆವು, ಇನ್ನೊಂದು ಕೈಗೆ ಡ್ರಿಪ್ ಇರುತ್ತದೆ ಎಂಬ ಅನುಕೂಲಕ್ಕೆ. ಎದೆಗೆ ಅಂಟಿಸುವ ಬಿಲ್ಲೆಗಳನ್ನು ಬಿದ್ದುಹೋಗುವ ತನಕ ಬದಲಿಸುತ್ತಿರಲಿಲ್ಲ. ಅದರೊಳಗಿನ ಜೆಲ್ ಒಣಗಿ ಮಾನಿಟರಿನಲ್ಲಿ ಹೃದಯಬಡಿತದ ಗೆರೆ ಕುಣಿಯುತ್ತಿತ್ತು. ಒಬ್ಬ ರೋಗಿ ಹಲ್ಲುಜ್ಜುವಾಗಲೆಲ್ಲ ಮಾನಿಟರ್ ಅವರ ಹೃದಯ ನಿಲ್ಲುತ್ತಿದೆ ಎನ್ನುತ್ತಿತ್ತು. ಅಡಿಕೆ ಸುಲಿಯುವ ಒಬ್ಬ ಹೆಂಗಸು ಬಂದಿದ್ದರು. ಅಡಿಕೆಯ ಚೊಗರಿನ ಕಲೆ ಹಿಡಿದು ಬೆರಳ ತುದಿಗಳೆಲ್ಲ ಕಪ್ಪಗಾಗಿದ್ದವು, ಪ್ರೋಬ್ ಒಂದೊಂದು ಸಲ ಒಂದೊಂದು ಸಂಖ್ಯೆ ತೋರಿಸುತ್ತಿತ್ತು. ಕಿವಿಯ ಹಾಲೆಗೆ ಹಾಕುವ ಪ್ರೋಬ್ ನಮ್ಮ ಕಪಾಟಿನಲ್ಲೇ ಇತ್ತು, ಪೊಟ್ಟಣ ಒಡೆದಿರಲಿಲ್ಲ.

ಕಂಪನಿಯವನನ್ನು ಮತ್ತೆ ಕರೆಸಿ, ಮಿತಿ ಬದಲಿಸಿದರೆ ಗ್ಯಾರಂಟಿ ಹೋಗುತ್ತದೆಯೇ ಎಂದು ಎಲ್ಲರ ಮುಂದೆ ಡಾಕ್ಟರ್ ಕೇಳಿದರು. ಅವನು ಅಚ್ಚರಿಯಿಂದ, ಬದಲಿಸಲಿಕ್ಕೇ ಸಾರ್ ಆ ಗುಂಡಿ ಇರೋದು ಎಂದ. ಆಡಳಿತಾಧಿಕಾರಿಯವರು ಆ ಹಳೆಯ ಹಾಳೆಯನ್ನು ತಾವೇ ಕಿತ್ತರು. ಇದನ್ನೂ ದಾಖಲಿಸಬೇಕು.

ಅಂದಿನಿಂದ ಬೆಳಗಿನ ರೌಂಡ್ಸಿನಲ್ಲಿ ಪ್ರತಿ ರೋಗಿಗೂ ಡಾಕ್ಟರ್ ಮಿತಿ ಹೇಳುತ್ತಿದ್ದರು, ನಾವು ಅದನ್ನು ಮಾನಿಟರಿನಲ್ಲಿ ಇಟ್ಟು ಒಂದು ಕಾರ್ಡಿನಲ್ಲಿ ಬರೆದು ತೂಗುಹಾಕುತ್ತಿದ್ದೆವು. ಬಿಲ್ಲೆಗಳನ್ನು ದಿನವೂ ಮೈ ಒರೆಸಿದ ಮೇಲೆ, ಚರ್ಮ ಒಣಗಿಸಿ ಬದಲಿಸುವುದು. ಪಟ್ಟಿ ಒಂದು ಕೈಗೆ, ಪ್ರೋಬ್ ಇನ್ನೊಂದಕ್ಕೆ. ಪಾಳಿ ಒಪ್ಪಿಸುವುದು ಮೇಜಿನ ಸುತ್ತ ಬೇಡ, ಪ್ರತಿ ಹಾಸಿಗೆಯ ಪಕ್ಕದಲ್ಲೇ ನಿಂತು. ಆ ಹೊತ್ತಿನಲ್ಲಿ ಒಬ್ಬಳು ಯಾವ ಮಾತಿಗೂ ಸೇರದೆ ಎಂಟೂ ಹಾಸಿಗೆ ಕಾಣುವ ಕಡೆ ನಿಲ್ಲಬೇಕು.

ಎಲ್ಲವೂ ಸಲೀಸಾಗಿ ಆಯಿತೆಂದು ತಿಳಿಯಬೇಡಿ. ಎರಡನೆಯ ವಾರದಲ್ಲೇ ಒಂದು ತಪ್ಪಾಯಿತು. ಶ್ವಾಸಕೋಶದ ರೋಗಿಯೊಬ್ಬರಿಗೆಂದು ಎಂಬತ್ತೈದಕ್ಕೆ ಇಳಿಸಿದ್ದ ಮಿತಿಯನ್ನು, ಅವರು ವಾರ್ಡಿಗೆ ಹೋದ ಮೇಲೆ ಯಾರೂ ಮೇಲಕ್ಕೇರಿಸಲಿಲ್ಲ. ಅದೇ ಹಾಸಿಗೆಗೆ ಆಪರೇಷನ್ ಆದ ಒಬ್ಬ ಯುವತಿ ಬಂದಳು. ಅವಳ ಸಂಖ್ಯೆ ಎಂಬತ್ತೇಳಕ್ಕೆ ಇಳಿದರೂ ಯಂತ್ರ ಸುಮ್ಮನಿತ್ತು. ಡ್ರಿಪ್ ಬದಲಿಸಲು ಹೋದ ಸೆಲ್ವಿ ಉಗುರಿನ ಬಣ್ಣ ನೋಡಿ ಹಿಡಿದಳು. ಹಾಸಿಗೆ ಖಾಲಿಯಾದರೆ ಮಿತಿಯೂ ಮೊದಲಿನಂತಾಗಬೇಕು, ಚಾದರ ಬದಲಿಸುವಾಗಲೇ ಅದನ್ನೂ ಬದಲಿಸಬೇಕು ಎಂಬ ನಿಯಮ ಆಮೇಲೆ ಬಂತು. ಸದ್ದು ಕಡಿಮೆ ಮಾಡುವುದೂ ಅಪಾಯದ ಕೆಲಸವೇ. ಪ್ಲಾಸ್ಟರಿನಷ್ಟೇ ಸುಲಭವಾಗಿ ಗುಂಡಿಯಿಂದಲೂ ಬಾಯಿ ಮುಚ್ಚಿಸಬಹುದು.

ತಿಂಗಳು ಕಳೆಯುವಷ್ಟರಲ್ಲಿ ಐಸಿಯು ನಿಜವಾಗಿಯೂ ಶಾಂತವಾಯಿತು. ರವೀಂದ್ರನಗರದ ಒಬ್ಬ ಯಜಮಾನರು ಅಣ್ಣನನ್ನು ನೋಡಲು ಬಂದವರು ಮಾನಿಟರಿನ ಹತ್ತಿರ ಕಿವಿ ಇಟ್ಟು, “ಇದು ಸದ್ದೇ ಮಾಡ್ತಿಲ್ವಲ್ಲ ಸಿಸ್ಟರ್, ಕೆಟ್ಟಿದೆಯೇನು ನೋಡಿ. ಪಿಕ್ಚರಲ್ಲೆಲ್ಲ ಟಿಂವ್ ಟಿಂವ್ ಅಂತಿರುತ್ತೆ,” ಎಂದರು. ನಾವು ಬಹಳ ದಿನಗಳ ಮೇಲೆ ನಕ್ಕೆವು.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಶಾಂತಮ್ಮ ಬಂದರು. ಒಬ್ಬರೇ. ಡಾಕ್ಟರನ್ನು ಕಂಡು, ಆರನೇ ಹಾಸಿಗೆಯ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು ಎಂದು ಕೇಳಿದ್ದರು. ಎರಡು ಗಂಟೆಗೆ, ಪಾಳಿ ಬದಲಾಗುವಾಗ. ಡಾಕ್ಟರ್ ಯಾಕೆಂದು ಕೇಳದೆ ಒಪ್ಪಿದ್ದರು.

ಆ ಹಾಸಿಗೆಯಲ್ಲಿದ್ದ ಅಜ್ಜಿ ನಿದ್ದೆ ಮಾಡುತ್ತಿದ್ದರು. ನಾನು ಕುರ್ಚಿ ಹಾಕಿಕೊಟ್ಟೆ. ಶಾಂತಮ್ಮ ಕೂತರು. ಮಾನಿಟರನ್ನು ಕೈಯಿಂದ ಹಿಡಿದು ಸ್ವಲ್ಪ ತಿರುಗಿಸಿ ಹಿಂಬದಿ ನೋಡಿದರು. ಜಾಲರಿ ಬರಿದಾಗಿತ್ತು, ಹಳೆಯ ಅಂಟಿನ ಕಲೆ ಮಾತ್ರ ಇನ್ನೂ ಹೋಗಿರಲಿಲ್ಲ. ಅದರ ಮೇಲೆ ಒಮ್ಮೆ ಬೆರಳಾಡಿಸಿದರು. ಪಾಳಿ ಒಪ್ಪಿಸುವುದು ಒಂದನೇ ಹಾಸಿಗೆಯಿಂದ ಶುರುವಾಗಿತ್ತು. ಎಂಟೂ ಕಾಣುವ ಜಾಗದಲ್ಲಿ ಅಂದು ನಿಂತವಳು ಸೆಲ್ವಿ.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅಜ್ಜಿ ನಿದ್ದೆಯಲ್ಲಿ ಕೈ ಸರಿಸಿದರು, ಮಾನಿಟರ್ ಸದ್ದು ಮಾಡಿತು. ಮೂರನೇ ಹಾಸಿಗೆಗೆ ಬಂದಿದ್ದ ಐದು ತಲೆಗಳೂ ಒಟ್ಟಿಗೇ ತಿರುಗಿದವು. ಎರಡನೆಯ ಸದ್ದು ಮುಗಿಯುವುದರೊಳಗೆ ಸೆಲ್ವಿ ಬಂದು, ಮೊದಲು ಅಜ್ಜಿಯ ಮುಖ ನೋಡಿ, ಮಣಿಕಟ್ಟು ಹಿಡಿದು, ಆಮೇಲೆ ಯಂತ್ರ ನೋಡಿದಳು. ಬೆರಳಿನ ಪ್ರೋಬ್ ಜಾರಿತ್ತು. ಸರಿಯಾಗಿ ಹಾಕಿ, ಶಾಂತಮ್ಮನ ಕಡೆ ತಿರುಗಿ, ಏನಿಲ್ಲ ಅಮ್ಮಾ, ಪ್ರೋಬ್ ಜಾರಿತ್ತು ಅಷ್ಟೆ ಎಂದಳು.

ಶಾಂತಮ್ಮ ಸೆಲ್ವಿಯನ್ನು ನೋಡಿದರು, ನನ್ನನ್ನೂ ನೋಡಿದರು. ಚೀಲ ತೆಗೆದುಕೊಂಡು ಎದ್ದರು. ಭದ್ರಾವತಿ ಬಸ್ಸಿಗೆ ಹೊತ್ತಾಗುತ್ತದೆ ಎಂದರು. ನಾನು ಬಾಗಿಲ ತನಕ ಹೋದೆ. ಕ್ಷಮೆಯ ಮಾತು ನಾನು ಕೇಳಲಿಲ್ಲ, ಅವರೂ ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಂದೇ ಮಾತು ಹೇಳಿದರು.

“ಏನೂ ಆಗ್ದಿದ್ರೂ ಬಂದ್ಲಲ್ಲ.”